ಮೋಟು ಹೆಬ್ಬೆಟ್ಟು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ನೀರೂ ನೀಲಿ,
ಚರಂಡಿ ದಾಟುವ ಬೆಕ್ಕಿನ ಪಾದವೂ ನೀಲಿ.
ಹನ್ನೊಂದು ವರ್ಷ ಜೀನ್ಸಿಗೆ ಜಿಪ್ಪು ಕೂರಿಸಿದ
ನನ್ನ ಹೆಬ್ಬೆಟ್ಟು
ತೋರುಬೆರಳಿನ ಬುಡ ಮುಟ್ಟುವ ಮೊದಲೇ
ಸಾಕೆಂದು ನಿಂತುಬಿಟ್ಟಿದೆ.

ಮೋಟು ಹೆಬ್ಬೆಟ್ಟಿನ ಹೊನ್ನೂರಬಿ ಅಂದರೆ
ಪೋಸ್ಟಿನವನಿಗೂ ಗೊತ್ತು.
ರೇಷನ್ ಅಂಗಡಿಯ ಮಿಷನ್ನಿಗೆ ಮಾತ್ರ ಗೊತ್ತಾಗುವುದಿಲ್ಲ:
ಒತ್ತು, ಇನ್ನೂ ಒತ್ತು, ಒರೆಸಿಕೊಂಡು ಒತ್ತು.
ಅಕ್ಕಿಗಾಗಿ ತಿಂಗಳಿಗೊಮ್ಮೆ
ನಾನು ನಾನೇ ಎಂದು ಸಾಬೀತು ಮಾಡುತ್ತೇನೆ.

ಮೂರು ಸಲ ನಿಂತಿತು, ಮೂರು ಸಲ ಜಾರಿತು.
ಮೊದಲನೆಯದಕ್ಕೆ ಅತ್ತೆ ತಾಯತ ಕಟ್ಟಿದರು,
ಎರಡನೆಯದಕ್ಕೆ ಮಿಷನ್ ತುಳಿಯುವ ಕಾಲನ್ನು ಬೈದರು,
ಮೂರನೆಯದಕ್ಕೆ ಏನೂ ಅನ್ನಲಿಲ್ಲ.
ಆ ಅನ್ನದಿರುವುದು ಅಡಿಗೆಮನೆಯಲ್ಲಿ ಇನ್ನೂ ಕೂತಿದೆ
ಮುಚ್ಚಳ ಕಳೆದ ಡಬ್ಬಿಯ ಹಾಗೆ.

ದೊಡ್ಡಾಸ್ಪತ್ರೆಯ ಸಣ್ಣ ಡಾಕ್ಟರಮ್ಮ, ಹೆಸರು ಮೃದುಲಾ,
ಸ್ಕ್ಯಾನಿನ ಚಿತ್ರ ಪಕ್ಕಕ್ಕಿಟ್ಟು ನನ್ನ ಕೈ ಹಿಡಿದಳು.
ನಾಡಿ ನೋಡುತ್ತಾಳೆ ಅಂದುಕೊಂಡೆ.
ಹೆಬ್ಬೆಟ್ಟು ಬಾಗಿಸಿ ನೋಡಿದಳು.
"ಚಪ್ಪಲಿ ಬಿಡ್ರಿ" ಅಂದಳು.
ಕಾಲಿನದೂ ಮೋಟು.
ಹೊಟ್ಟೆಯ ಸಂಕಟಕ್ಕೆ ಬಂದವಳ ಕಾಲ್ಬೆರಳು ನೋಡುವ
ಇವಳಿಗೇನು ಹುಚ್ಚೇ!

"ನಿಮ್ಮ ತಾಯಿಯ ಕೈ ಹೆಂಗೈತಿ?"

ಎದೆ ಝಲ್ಲೆಂದಿತು.

ಆಮೇಲೆ ಇಲಿಯ ಕಥೆ ಹೇಳಿದಳು.
ಬಸುರಿ ಇಲಿಯ ಹೊಟ್ಟೆಯಲ್ಲಿ ಹೆಸರುಕಾಳಿನಷ್ಟು ಮರಿ,
ಅದರೊಳಗೆ ಸಾಲಾಗಿ ಕೂತ ಅಪ್ಪಣೆಗಳು.
ಮುಂದೆ ಕೂತದ್ದು ಕುತ್ತಿಗೆಗೆ, ನಡುವಿನದು ಪಕ್ಕೆಲುಬಿಗೆ,
ಕಟ್ಟಕಡೆಯದು ಕೊನೆಗಳಿಗೆ.
ಕೊನೆ ಅಂದರೆ ಬೆರಳು.
ಕೊನೆ ಅಂದರೆ ಗಂಡೋ ಹೆಣ್ಣೋ ಇನ್ನೂ ಹೇಳದ
ತೊಡೆ ನಡುವಿನ ಪುಟ್ಟ ಮೊಗ್ಗು,
ಒಳಗೆ ಗರ್ಭಕೋಶವಾಗಲಿರುವ ಜೋಡಿ ಕೊಳವೆ.
ಒಂದೇ ಜೀನು, ಎರಡೂ ಕಡೆ ಹಾಜರಿ.

ನಮ್ಮ ಕಟಿಂಗ್ ಮಾಸ್ಟರ್ ಎರ್ರಿಸ್ವಾಮಿಯ ಹಾಗೆ ಅಂದೆ:
ಕಾಲಿನ ತುದಿ ಕತ್ತರಿಸುವ ಕತ್ತರಿಯೇ ಜಿಪ್ಪಿನ ಪಟ್ಟಿಗೂ;
ಅದರ ಬಾಯಿ ಮೊಂಡಾದ ದಿನ
ಎರಡೂ ಕಡೆ ಕಾಲಿಂಚು ಕಡಿಮೆ.
ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

ಆ ಜೀನಿಗೊಬ್ಬಳು ಜೊತೆಗಾತಿ ಇದ್ದಾಳಂತೆ.
ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳು ಎಳೆದುಕೊಂಡು ಹೋಗುತ್ತಾಳೆ,
ಬೆರಳು ಬರುತ್ತದೆ, ತುಸು ಗಿಡ್ಡ.
ಇಬ್ಬರನ್ನೂ ತೆಗೆದ ಇಲಿಗಳೂ ಇವೆಯಂತೆ ಎಲ್ಲೋ ಗಾಜಿನ ಮನೆಗಳಲ್ಲಿ:
ಬೆರಳಿಲ್ಲ, ಮೊಗ್ಗಿಲ್ಲ,
ಹುಟ್ಟುವ ತನಕ ಉಳಿಯುವುದೂ ಇಲ್ಲ.
ನನಗೆ ಪಕ್ಕದ ಮಿಷನ್ನಿನ ಮಾರೆಕ್ಕ ನೆನಪಾದಳು,
ಮೂರೂ ಸಲ ನನ್ನ ಬಂಡಲು ತಾನು ಹೊಲಿದು
ನನ್ನ ಹೆಸರಿಗೆ ಬರೆಸಿದವಳು.

ನಿಮ್ಮದು ಕೂಡಬೇಕಾದಲ್ಲಿ ಕೂಡಿಲ್ಲ,
ಎರಡು ಕೋಡಾಗಿ ಉಳಿದಿದೆ, ಅಂದಳು.
ಇಲಿಗೆ ಹುಟ್ಟಾ ಹಾಗೇ ಇರುವುದಂತೆ, ಎರಡು ಕೋಡು,
ಸಾಲುಸಾಲು ಮರಿ.
ಇಲಿಗೆ ಅದು ಸರಿ. ನನಗೆ ಒಂದು ಹೆಸರು ಬರೆದ ಚೀಟಿ.
ನಿಲ್ಲುವುದೂ ಉಂಟಂತೆ. ನಿಲ್ಲದೆಯೂ ಇರಬಹುದಂತೆ.

ರಾತ್ರಿ ಸಿರುಗುಪ್ಪಕ್ಕೆ ಫೋನು ಮಾಡಿದೆ.
"ಅಮ್ಮೀ, ನನಗಿಂತ ಮೊದಲು ಎಷ್ಟು?"
ಆಚೆ ಕಡೆ ಮೊರದಲ್ಲಿ ಅಕ್ಕಿ ಆಡುವ ಸದ್ದು ನಿಂತಿತು.
"ನಾಲ್ಕು" ಅಂದಳು. "ಯಾರು ಹೇಳಿದರು ನಿನಗೆ?"
ನನ್ನ ಹೆಬ್ಬೆಟ್ಟು, ಅನ್ನಲಿಲ್ಲ.

ಬೆಳಿಗ್ಗೆ ಕಾರ್ಖಾನೆಯ ಬೋನಿನಲ್ಲಿ ಒಂದು ಇಲಿ,
ತಂತಿ ಹಿಡಿದುಕೊಂಡು ನಿಂತಿತ್ತು.
ಮುಂಗೈಯಲ್ಲಿ ನಾಲ್ಕು ಬೆರಳು,
ಹೆಬ್ಬೆಟ್ಟಿನ ಜಾಗದಲ್ಲಿ ನುಚ್ಚಿನಷ್ಟು ಒಂದು ಗಂಟು.
ಎಷ್ಟು ಹೊತ್ತು ನೋಡಿದೆನೋ.
ಬಣ್ಣದ ತೊಟ್ಟಿಗೆ ಅದ್ದು ಅಂದ ಎರ್ರಿಸ್ವಾಮಿ.

ಬೋನಿನ ಬಾಗಿಲೆತ್ತಲು
ಉದ್ದನೆ ಹೆಬ್ಬೆಟ್ಟೇನೂ ಬೇಕಾಗಲಿಲ್ಲ.

"ನಾಳೆ ನಿನ್ನ ಬಂಡಲನ್ನೇ ಕಡಿತೈತಿ ನೋಡು" ಎಂದು ಬೈದ.
ಕಡಿಯಲಿ ಬಿಡು.